ಬಂಡೆಯಂಚಿನ ಗಣತಿ: ಅಲಾಸ್ಕಾದ ದ್ವೀಪಗಳಲ್ಲಿ ಕಡಲಹಕ್ಕಿಗಳ ಮೇಲಿನ ನಿಗಾ



ವಿಜ್ಞಾನದ ವಿಷಯವೊಂದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ.  ಇವತ್ತು ನಾನು ಆರಿಸಿಕೊಂಡಿರುವ ವಿಷಯ ನಮ್ಮ ನಾಡಿನದಲ್ಲ. ಉತ್ತರ ಪೆಸಿಫಿಕ್ ಸಾಗರ ಮತ್ತು ಬೇರಿಂಗ್ ಸಮುದ್ರದ ನಡುವೆ ಚದುರಿಕೊಂಡಿರುವ ಅಲಾಸ್ಕಾದ ದ್ವೀಪಗಳಲ್ಲಿ ಕಡಲಹಕ್ಕಿಗಳ ಗೂಡುನೆಲೆಗಳನ್ನು ವರ್ಷವರ್ಷವೂ ಹೋಗಿ ನೋಡಿ, ಎಣಿಸಿ, ಬರೆದಿಡುವ ಕೆಲಸ ಅದು. ಅಷ್ಟು ದೂರದ ವಿಷಯ ನಮಗೇಕೆ ಎಂದು ನೀವು ಕೇಳಬಹುದು. 2015–16ರ ಸುಮಾರಿಗೆ ಆ ಸಮುದ್ರದಲ್ಲಿ ಒಂದೇ ಜಾತಿಯ ಸುಮಾರು 40 ಲಕ್ಷ ಹಕ್ಕಿಗಳು ಸತ್ತವು. ಎಲ್ಲೋ ಕೆಲವು ಬಂಡೆಗಳ ಮುಂದೆ ಕುಳಿತು ದಶಕಗಳ ಕಾಲ ಒಂದೇ ಬಗೆಯ ಲೆಕ್ಕ ಬರೆದಿಟ್ಟವರು ಇರದಿದ್ದರೆ ಆ ಸಾವಿನ ಗಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥ ಲೆಕ್ಕವನ್ನು ನಮ್ಮ ಕಾಲದ ಅತ್ಯಂತ ಅಗತ್ಯದ ವಿಜ್ಞಾನಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

ಮೊದಲು ಆ ಪ್ರದೇಶವನ್ನು ಪರಿಚಯಿಸುತ್ತೇನೆ. ಆಮೇಲೆ ಹಕ್ಕಿಗಳನ್ನು ಎಣಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅನಂತರ ನರಿ ಮತ್ತು ಇಲಿಗಳ ಪ್ರಸಂಗ, ಕೊನೆಗೆ ಬಿಸಿಯಾದ ಸಮುದ್ರದ ಪ್ರಸಂಗ.

ಅಲಾಸ್ಕಾದ ಮುಖ್ಯ ಭೂಭಾಗದಿಂದ ನೈಋತ್ಯಕ್ಕೆ ಚಾಚಿಕೊಂಡು ರಷ್ಯಾದ ಕಮ್ಚಾಟ್ಕಾ ಕಡೆಗೆ ಬಾಗುವ ದ್ವೀಪಮಾಲೆಗೆ ಅಲ್ಯೂಷಿಯನ್ ದ್ವೀಪಗಳೆಂದು ಹೆಸರು. ಸುಮಾರು 1,900 ಕಿಲೋಮೀಟರ್ ಉದ್ದದ ಮಾಲೆ ಅದು. ಜ್ವಾಲಾಮುಖಿಗಳಿಂದ ಹುಟ್ಟಿದ ಈ ದ್ವೀಪಗಳಲ್ಲಿ ಸಹಜವಾಗಿ ಬೆಳೆದ ಮರಗಳಿಲ್ಲ. ಹುಲ್ಲು, ಪಾಚಿ, ಕುರುಚಲು ಗಿಡ ಮಾತ್ರ. ಬೇಸಿಗೆಯಲ್ಲೂ ಗಾಳಿ, ಮಂಜು, ಜಡಿಮಳೆ. ಇನ್ನೂ ಉತ್ತರಕ್ಕೆ, ಬೇರಿಂಗ್ ಸಮುದ್ರದ ನಡುವೆ, ಪ್ರಿಬಿಲೋಫ್ ದ್ವೀಪಗಳಿವೆ. ಅವುಗಳಲ್ಲಿ ಸೇಂಟ್ ಪಾಲ್ ಮತ್ತು ಸೇಂಟ್ ಜಾರ್ಜ್ ಎಂಬ ಎರಡರಲ್ಲಿ ಜನವಸತಿ ಇದೆ. ಈ ಕಡಲಿನ ಮೂಲನಿವಾಸಿಗಳು ಉನಂಗನ್ ಜನ. ಅಲ್ಯೂಷಿಯನ್ ದ್ವೀಪಗಳಲ್ಲಿ ಸಾವಿರಾರು ವರ್ಷಗಳಿಂದ ಮೀನು, ಸೀಲ್, ಹಕ್ಕಿ, ಹಕ್ಕಿಯ ಮೊಟ್ಟೆಗಳನ್ನು ನಂಬಿ ಬದುಕಿದವರು. ಹಕ್ಕಿಗಳು ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ ಎಂಬುದರ ಲೆಕ್ಕ ವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಅವರ ಬಳಿ ಇತ್ತು.

ಈ ದ್ವೀಪಗಳ ಬಹುಭಾಗ ಇಂದು ಅಲಾಸ್ಕಾ ಕಡಲ ವನ್ಯಜೀವಿ ಆಶ್ರಯಧಾಮಕ್ಕೆ ಸೇರಿದೆ. 1913ರಲ್ಲೇ ಅಮೆರಿಕದ ಅಧ್ಯಕ್ಷ ಟಾಫ್ಟ್ ಅಲ್ಯೂಷಿಯನ್ ದ್ವೀಪಗಳನ್ನು ಕಾದಿರಿಸಿದ್ದರು. 1980ರಲ್ಲಿ ಅಂಥ ಹಲವು ಧಾಮಗಳನ್ನು ಒಂದುಗೂಡಿಸಿ ಈಗಿನ ರೂಪ ಕೊಡಲಾಯಿತು. ಸುಮಾರು 2,500 ದ್ವೀಪ, ನಡುಗಡ್ಡೆ, ಬಂಡೆಗಳು ಅದರ ಪಾಲಿಗಿವೆ. ಅಲ್ಲಿ ಸುಮಾರು 4 ಕೋಟಿ ಕಡಲಹಕ್ಕಿಗಳು ಗೂಡು ಮಾಡುತ್ತವೆ ಎಂಬ ಅಂದಾಜಿದೆ. ಕಚೇರಿ ಇರುವುದು ಹೋಮರ್ ಎಂಬ ಪುಟ್ಟ ಬಂದರು ಊರಿನಲ್ಲಿ. ತೀಗ್ಲಾಖ್ ಎಂಬ 120 ಅಡಿ ಉದ್ದದ ಸಂಶೋಧನಾ ಹಡಗು ವಸಂತದ ಕೊನೆಯಲ್ಲಿ ಹೊರಟು ಒಂದೊಂದು ದ್ವೀಪದಲ್ಲಿ ಕೆಲವೇ ಜನರ ತಂಡಗಳನ್ನು ಇಳಿಸುತ್ತ ಹೋಗುತ್ತದೆ. ಹಡಗುಕಟ್ಟೆ ಎಂಬುದಿಲ್ಲ. ರಬ್ಬರ್ ದೋಣಿಯಲ್ಲಿ ಅಲೆಯ ಲಯ ನೋಡಿಕೊಂಡು ಬಂಡೆಗೆ ಹಾರಬೇಕು. ಮೂರು ತಿಂಗಳಿಗೆ ಬೇಕಾದ ಅಕ್ಕಿ, ಬೇಳೆ, ಸೀಮೆಎಣ್ಣೆ, ರೇಡಿಯೋ ಎಲ್ಲವನ್ನೂ ಕೈಯಿಂದ ಕೈಗೆ ದಾಟಿಸಿ ದಡ ಸೇರಿಸಬೇಕು. ಆಮೇಲೆ ಶರತ್ಕಾಲದ ಹೊತ್ತಿಗೆ ಹಡಗು ಮರಳುವವರೆಗೆ ಅವರಿಗೆ ಆ ದ್ವೀಪವೇ ಮನೆ.

ಈಗ ಎಣಿಸುವ ಬಗೆಗೆ ಬರುತ್ತೇನೆ. ಈ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಉಳಿದೆಲ್ಲ ನಿಂತಿರುವುದು ಇದರ ಮೇಲೆ.

ಗೂಡುನೆಲೆ ಎಂದರೇನೆಂದು ನಮಗೆ ತಿಳಿಯದ್ದಲ್ಲ. ಕೊಕ್ಕರೆಬೆಳ್ಳೂರಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಒತ್ತೊತ್ತಾಗಿ ಗೂಡು ಕಟ್ಟುವುದನ್ನು ನೋಡಿದ್ದೇವೆ, ರಂಗನತಿಟ್ಟನ್ನು ನೋಡಿದ್ದೇವೆ. ಕಡಲಹಕ್ಕಿಯ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಅದು ವರ್ಷದ ಬಹುಪಾಲು ತೆರೆದ ಸಾಗರದ ಮೇಲೆ ಕಳೆಯುತ್ತದೆ. ಅಲ್ಲಿ ಅದನ್ನು ಹುಡುಕಿ ಎಣಿಸುವುದು ಬಹಳ ಕಷ್ಟ. ಆದರೆ ಮೊಟ್ಟೆಯಿಡಲು ಅದು ನೆಲಕ್ಕೆ ಬರಲೇಬೇಕು, ಬಹುಮಟ್ಟಿಗೆ ಹಿಂದಿನ ವರ್ಷದ ಅದೇ ಜಾಗಕ್ಕೇ ಬರುತ್ತದೆ. ಆ ಕೆಲವು ವಾರಗಳೇ ನಮಗೆ ಸಿಗುವ ಅವಕಾಶ.

ಕಾಮನ್ ಮರ್ ಎಂಬ ಹಕ್ಕಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುಮಾರು ಒಂದು ಕಿಲೋ ತೂಕ. ನೀರಿನೊಳಗೆ ರೆಕ್ಕೆ ಬೀಸಿಕೊಂಡು ನೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಮೀನು ಹಿಡಿಯಬಲ್ಲದು. ಇದು ಗೂಡು ಕಟ್ಟುವುದೇ ಇಲ್ಲ. ಸಮುದ್ರಕ್ಕೆ ನೆಟ್ಟಗೆ ಇಳಿಯುವ ಪ್ರಪಾತದ ಬಂಡೆಯಂಚಿನಲ್ಲಿ, ಬರಿಗಲ್ಲಿನ ಮೇಲೆ, ಒಂದೇ ಒಂದು ಮೊಟ್ಟೆ ಇಡುತ್ತದೆ. ಒಂದು ತುದಿ ಚೂಪಾದ ಮೊಟ್ಟೆ. ಒಂದರ ಬಣ್ಣ, ಗೆರೆ, ಚುಕ್ಕೆ ಇನ್ನೊಂದರ ಹಾಗಿರುವುದಿಲ್ಲ. ಅಕ್ಕಪಕ್ಕದ ಹಕ್ಕಿಗಳ ಮೈ ಮೈಗೆ ತಾಗುವಷ್ಟು ಇಕ್ಕಟ್ಟಿನಲ್ಲೂ ತನ್ನ ಮೊಟ್ಟೆ ಯಾವುದೆಂದು ತಾಯ್ತಂದೆಗಳಿಗೆ ಗೊತ್ತಾಗುವುದು ಆ ಗುರುತಿನಿಂದ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಮೊಟ್ಟೆಯೊಡೆದ ಮೂರು ವಾರಕ್ಕೆ, ಇನ್ನೂ ಹಾರಲು ಬಾರದ ಮರಿ ಆ ಎತ್ತರದಿಂದ ಸಮುದ್ರಕ್ಕೆ ಧುಮುಕುತ್ತದೆ. ಕೆಳಗೆ ನೀರಿನಲ್ಲಿ ಅದನ್ನು ಜೊತೆಗೂಡಿಸಿಕೊಂಡು ಸಾಕುವುದು ತಂದೆ.

ಇದನ್ನು ಎಣಿಸುವುದು ಹೇಗೆ? ಸಾವಿರಾರು ಹಕ್ಕಿಗಳಿರುವ ಇಡೀ ಪ್ರಪಾತವನ್ನು ಎಣಿಸಲಾಗದು. ಹಾಗಾಗಿ ಬಂಡೆಯ ಕೆಲವು ಭಾಗಗಳನ್ನು ಗೊತ್ತುಮಾಡಿ ಅವುಗಳ ಫೋಟೋ ತೆಗೆದು, ಫೋಟೋದ ಮೇಲೆ ಗಡಿಗೆರೆ ಎಳೆದಿಡುತ್ತಾರೆ. ಈ ಬಿರುಕಿನಿಂದ ಆ ಚಾಚಿನವರೆಗೆ, ಆ ಹಸಿರು ಪಾಚಿಯ ಪಟ್ಟಿಯಿಂದ ಕೆಳಗೆ. ಮುಂದಿನ ವರ್ಷ ಬೇರೆಯವರು ಬಂದರೂ ಅದೇ ಗಡಿಯೊಳಗೇ ಎಣಿಸಬೇಕು. ಮರ್ ಗೂಡು ಕಟ್ಟದ ಕಾರಣ ಗೂಡುಗಳ ಲೆಕ್ಕ ಸಾಧ್ಯವಿಲ್ಲ, ಹಕ್ಕಿಗಳನ್ನೇ ಎಣಿಸಬೇಕು. ಆದರೆ ಜೋಡಿಯಲ್ಲಿ ಒಂದು ಬಂಡೆಯ ಮೇಲಿದ್ದರೆ ಇನ್ನೊಂದು ಕಡಲಿನಲ್ಲಿರುತ್ತದೆ. ಬೆಳಗಿನ ಸಂಖ್ಯೆ ಸಂಜೆಗಿರುವುದಿಲ್ಲ, ಗಾಳಿಯ ದಿನದ ಸಂಖ್ಯೆ ತಿಳಿಯಾದ ದಿನಕ್ಕಿರುವುದಿಲ್ಲ. ಅದಕ್ಕೇ ಮೊಟ್ಟೆಯಿಡುವುದು ಮುಗಿದ ಮೇಲೆ, ಮೊದಲ ಮರಿ ಧುಮುಕುವ ಮುನ್ನ, ದಿನದ ಗೊತ್ತಾದ ಹೊತ್ತಿನಲ್ಲಿ, ಹಲವು ದಿನ ಎಣಿಸಿ ಸರಾಸರಿ ತೆಗೆಯುತ್ತಾರೆ. ಮಂಜು ಕವಿದರೆ ಆ ದಿನ ಹೋಯಿತು.

ಎಷ್ಟು ಮರಿಗಳಾದವು ಎಂಬುದು ಬೇರೆಯೇ ಲೆಕ್ಕ. ಎದುರಿನ ಬಂಡೆಯ ಮೇಲೆ ಕುಳಿತ ವೀಕ್ಷಕರ ಕೈಯಲ್ಲಿ ದುರ್ಬೀನು, ತೊಡೆಯ ಮೇಲೆ ಆ ಫೋಟೋ. ಒಂದೊಂದು ಹಕ್ಕಿಯ ಜಾಗಕ್ಕೂ ಒಂದೊಂದು ಸಂಖ್ಯೆ. ಕೆಲವು ದಿನಗಳಿಗೊಮ್ಮೆ ಬಂದು ಪ್ರತಿ ಜಾಗದ ಎದುರು ಬರೆಯುತ್ತಾರೆ: ಮೊಟ್ಟೆ, ಮರಿ, ಖಾಲಿ. ಮೊಟ್ಟೆ ಕಾಣುವುದೇ ಅಪರೂಪ, ಅದು ಹೊಟ್ಟೆಯ ಕೆಳಗಿರುತ್ತದೆ. ಹಕ್ಕಿ ಬೆನ್ನು ಗೂನಾಗಿಸಿ, ಒಂದು ರೆಕ್ಕೆಯನ್ನು ಕೊಂಚ ಇಳಿಬಿಟ್ಟು ಕುಳಿತಿದ್ದರೆ ಅದು ಕಾವಿನ ಭಂಗಿ. ಅದು ಎದ್ದು ಮಗ್ಗುಲು ಬದಲಿಸುವ ಒಂದು ಕ್ಷಣಕ್ಕಾಗಿ ಚಳಿಗಾಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು.

ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಕಡಲಹಕ್ಕಿಗಳು ದೀರ್ಘಾಯುಷಿಗಳು; ಮರ್ 25 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಒಂದು ಬೇಸಿಗೆಯಲ್ಲಿ ಒಂದೂ ಮರಿ ಆಗದಿದ್ದರೂ ಮರುವರ್ಷ ಬಂಡೆಯ ಮೇಲೆ ಅಷ್ಟೇ ಹಕ್ಕಿಗಳು ಕಾಣಿಸಬಹುದು. ಮರಿಗಳ ಲೆಕ್ಕ ಈ ವರ್ಷದ ಕಡಲು ಹೇಗಿದೆ ಎಂದು ಹೇಳುತ್ತದೆ. ದೊಡ್ಡ ಹಕ್ಕಿಗಳ ಲೆಕ್ಕ ಕಳೆದ ಹತ್ತು ಇಪ್ಪತ್ತು ವರ್ಷ ಹೇಗಿತ್ತು ಎಂದು ಹೇಳುತ್ತದೆ. ಇವುಗಳಲ್ಲಿ ಒಂದನ್ನೇ ನೋಡಿದವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಉಳಿದ ಹಕ್ಕಿಗಳಿಗೆ ಬೇರೆ ಉಪಾಯಗಳು ಬೇಕು. ಕಿಟ್ಟಿವೇಕ್ ಎಂಬ ಪುಟ್ಟ ಗಲ್ ಹಕ್ಕಿ ಮಣ್ಣು ಹುಲ್ಲು ಸೇರಿಸಿ ಬಟ್ಟಲಿನಂಥ ಗೂಡು ಕಟ್ಟುತ್ತದೆ, ಅದನ್ನು ಎಣಿಸಬಹುದು. ಅದರಲ್ಲಿ ಕೆಂಪುಕಾಲಿನ ಜಾತಿಯೊಂದಿದೆ; ಜಗತ್ತಿನಲ್ಲಿರುವ ಆ ಜಾತಿಯ ಹಕ್ಕಿಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ಸೇಂಟ್ ಜಾರ್ಜ್ ಎಂಬ ಒಂದೇ ದ್ವೀಪದ ಪ್ರಪಾತಗಳಲ್ಲಿ. ಆ ದ್ವೀಪದ ಲೆಕ್ಕ ತಪ್ಪಿದರೆ ಇಡೀ ಜಾತಿಯ ಲೆಕ್ಕವೇ ತಪ್ಪಿದಂತೆ. ಆಕ್ಲೆಟ್‌ಗಳು ಬಂಡೆಗುಂಡುಗಳ ಸಂದಿಯೊಳಗೆ ಮೊಟ್ಟೆಯಿಡುತ್ತವೆ. ಜುಟ್ಟಿನ ಆಕ್ಲೆಟ್‌ನ ಮೈಯಿಂದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ. ಹಿಂಡು ಹತ್ತಿರ ಇದೆಯೆಂದು ಮಂಜಿನಲ್ಲೂ ಮೂಗಿಗೆ ತಿಳಿಯುತ್ತದೆ. ಸಂದಿಯಲ್ಲಿರುವುದನ್ನು ಎಣಿಸಲಾಗದ್ದರಿಂದ ಕೆಲವು ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಮುಂದಿನ ವರ್ಷ ಅವುಗಳಲ್ಲಿ ಎಷ್ಟು ಮರಳಿದವು ಎಂದು ನೋಡುತ್ತಾರೆ. ಸ್ಟಾರ್ಮ್ ಪೆಟ್ರೆಲ್‌ಗಳು ನೆಲದ ಬಿಲಗಳಲ್ಲಿದ್ದು ರಾತ್ರಿಯಷ್ಟೇ ಓಡಾಡುತ್ತವೆ. ಗುರುತು ಹಾಕಿದ ಬಿಲಗಳೊಳಗೆ ಕೈ ತೂರಿಸಿ ಅಥವಾ ಕೊಳವೆಯ ತುದಿಯ ಕ್ಯಾಮೆರಾ ಇಳಿಸಿ ನೋಡಬೇಕು.

ಪಫಿನ್‌ಗಳದ್ದು ಇನ್ನೊಂದು ಬಗೆ. ಅವು ಮರಿಗಾಗಿ ಕೊಕ್ಕಿನಲ್ಲಿ ಅಡ್ಡಡ್ಡಲಾಗಿ ಮೀನು ಜೋಡಿಸಿಕೊಂಡು ಬರುತ್ತವೆ. ಸ್ವಲ್ಪ ಹೊತ್ತು ಬಿಲದ ಬಾಯಿಗೆ ತಂತಿಜಾಲರಿ ಇಟ್ಟರೆ ಹಕ್ಕಿ ಮೀನನ್ನು ಅಲ್ಲೇ ಬೀಳಿಸಿ ಹೋಗುತ್ತದೆ. ಬಿದ್ದ ಮೀನುಗಳ ಜಾತಿ, ಉದ್ದ, ತೂಕ ಬರೆದುಕೊಂಡರೆ ಸಮುದ್ರದಲ್ಲಿ ಆ ವರ್ಷ ಯಾವ ಮರಿಮೀನುಗಳಿವೆ ಎಂಬುದು ಹಡಗು, ಬಲೆ ಏನೂ ಇಲ್ಲದೆ ಗೊತ್ತಾಗುತ್ತದೆ.

ಇನ್ನು ಮೂರನೆಯ ಭಾಗಕ್ಕೆ, ನರಿ ಮತ್ತು ಇಲಿಗಳ ಪ್ರಸಂಗಕ್ಕೆ ಬರೋಣ.

1741ರಲ್ಲಿ ನಾವಿಕ ವಿಟಸ್ ಬೇರಿಂಗ್‌ನ ಯಾನ ಈ ದ್ವೀಪಗಳನ್ನು ಯೂರೋಪಿನವರಿಗೆ ಪರಿಚಯಿಸಿತು. ಬೆನ್ನಿಗೇ ತುಪ್ಪುಳದ ವ್ಯಾಪಾರಿಗಳು ಬಂದರು. ನರಿಯ ತುಪ್ಪುಳಕ್ಕೆ ಒಳ್ಳೆಯ ಬೆಲೆ ಇತ್ತು. ದ್ವೀಪವೊಂದರಲ್ಲಿ ನರಿಗಳನ್ನು ಬಿಟ್ಟರೆ ಅವು ಹಕ್ಕಿಗಳನ್ನು ತಿಂದು ತಾವೇ ಬೆಳೆಯುತ್ತಿದ್ದವು. ಹೀಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಅಲಾಸ್ಕಾದ 400ಕ್ಕೂ ಹೆಚ್ಚು ದ್ವೀಪಗಳಲ್ಲಿ ನರಿಗಳನ್ನು ಬಿಡಲಾಯಿತು. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಎಷ್ಟೋ ಕಡೆ ಅಳಿದುಹೋದವು. ಅಲ್ಯೂಷಿಯನ್ ಹೆಬ್ಬಾತು ಪೂರ್ತಿ ನಾಶವಾಯಿತೆಂದೇ ಜನ ಭಾವಿಸಿದ್ದರು. 1962ರಲ್ಲಿ ಧಾಮದ ಅಧಿಕಾರಿ ಬಾಬ್ ಜೋನ್ಸ್, ನರಿಗಳು ಎಂದೂ ಕಾಲಿಡದ ಬುಲ್ಡಿರ್ ಎಂಬ ಒಂಟಿ ದ್ವೀಪದಲ್ಲಿ ಅವುಗಳನ್ನು ಕಂಡರು. ಅಮ್ಚಿಟ್ಕಾ ದ್ವೀಪದಲ್ಲಿ ನರಿಗಳನ್ನು ತೆಗೆಯುವ ಕೆಲಸವನ್ನು 1949ರಲ್ಲೇ ಶುರುಮಾಡಿದ್ದವರೂ ಅವರೇ. ನರಿಗಳನ್ನು ತೆಗೆದ ದ್ವೀಪಗಳಿಗೆ ಹೆಬ್ಬಾತುಗಳನ್ನು ಒಯ್ದು ಬಿಡಲಾಯಿತು. 1970ರ ದಶಕದ ನಡುವಿನಲ್ಲಿ 800ರ ಆಸುಪಾಸಿನಲ್ಲಿದ್ದ ಅವುಗಳ ಸಂಖ್ಯೆ ಹತ್ತಾರು ಸಾವಿರಕ್ಕೇರಿ, 2001ರಲ್ಲಿ ಆ ಹಕ್ಕಿಯನ್ನು ಅಪಾಯದ ಪಟ್ಟಿಯಿಂದಲೇ ಕೈಬಿಡಲಾಯಿತು.

ಎಣಿಕೆ ಇಲ್ಲಿ ಇನ್ನೊಂದು ಸಂಗತಿಯನ್ನೂ ಕಾಣಿಸಿತು. ನರಿಗಳಿದ್ದ ದ್ವೀಪಗಳನ್ನೂ ಇಲ್ಲದ ದ್ವೀಪಗಳನ್ನೂ ಹೋಲಿಸಿದ ಅಧ್ಯಯನವೊಂದು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಹಕ್ಕಿಗಳು ಕಡಲಿನಲ್ಲಿ ಉಂಡು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ. ಆ ಗೊಬ್ಬರದಿಂದ ಹುಲ್ಲುಗಾವಲು ಬೆಳೆಯುತ್ತದೆ. ಹಕ್ಕಿಗಳನ್ನು ನರಿಗಳು ತಿಂದು ಮುಗಿಸಿದಾಗ ಗೊಬ್ಬರ ನಿಂತು, ಹುಲ್ಲುಗಾವಲು ಹೋಗಿ ಕುರುಚಲು ಗಿಡಗಳ ಟಂಡ್ರಾ ಆಗಿತ್ತು. ಮನುಷ್ಯ ತಂದುಬಿಟ್ಟ ಒಂದು ಪ್ರಾಣಿ ದ್ವೀಪದ ನೆಲದ ಗುಣವನ್ನೇ ಬದಲಿಸಿತ್ತು.

ಇಲಿಗಳದ್ದು ಇನ್ನೂ ಕಷ್ಟದ ಕಥೆ. 1780ರ ದಶಕದಲ್ಲಿ ಜಪಾನಿನ ಹಡಗೊಂದು ಒಡೆದು ಒಂದು ದ್ವೀಪಕ್ಕೆ ಇಲಿಗಳು ಬಂದವು. ದ್ವೀಪಕ್ಕೆ ಇಲಿದ್ವೀಪವೆಂದೇ ಹೆಸರಾಯಿತು. ಹಕ್ಕಿಗಳ ದನಿ ಅಡಗಿತು. 2008ರಲ್ಲಿ ಹೆಲಿಕಾಪ್ಟರ್‌ನಿಂದ ವಿಷದ ಕಾಳು ಚೆಲ್ಲಿ ಇಲಿಗಳನ್ನು ನಿರ್ಮೂಲ ಮಾಡಲಾಯಿತು. ಇದರಿಂದ 400ಕ್ಕೂ ಹೆಚ್ಚು ಹಕ್ಕಿಗಳೂ ಸತ್ತವು, ಅವುಗಳಲ್ಲಿ 46 ಬಾಲ್ಡ್ ಈಗಲ್‌ಗಳು. ಆ ನಷ್ಟವನ್ನು ಮುಚ್ಚಿಡದೆ ಹೇಳಲೇಬೇಕು. ಆದರೆ ಆ ಬಳಿಕದ ವರ್ಷಗಳಲ್ಲಿ ಹಕ್ಕಿಗಳು ಮರಳಿ ಬಂದವು. ಗಲ್‌ಗಳು ದಡದ ಬಸವನಹುಳು, ಚಿಪ್ಪುಜೀವಿಗಳನ್ನು ತಿನ್ನತೊಡಗಿದ ಮೇಲೆ ಬಂಡೆಗಳಲ್ಲಿ ಕಡಲಸಸ್ಯ ಮತ್ತೆ ಚಿಗುರಿತು. 2012ರಲ್ಲಿ ದ್ವೀಪಕ್ಕೆ ಹವಾಡಾಖ್ ಎಂಬ ಅದರ ಉನಂಗನ್ ಹೆಸರನ್ನೇ ಮರಳಿ ಕೊಟ್ಟರು.

ಇಲಿ ಬಾರದ ಹಾಗೆ ಕಾಯುವುದು, ಬಂದ ಮೇಲೆ ತೆಗೆಯುವುದಕ್ಕಿಂತ ಎಷ್ಟೋ ಮೇಲು. ಸೇಂಟ್ ಪಾಲ್ ದ್ವೀಪದಲ್ಲಿ 2018ರಲ್ಲಿ ಒಂದೇ ಒಂದು ಇಲಿ ಕಾಣಿಸಿಕೊಂಡಾಗ ಹಲವು ತಿಂಗಳು ಬೆನ್ನುಹತ್ತಿದರು, ಕೊನೆಗೆ ಅದು ಸತ್ತು ಸಿಕ್ಕಿತು. ಅಲ್ಲಿ ಕಾವಲಿಗಾಗಿ ಮೇಣದ ತುಂಡುಗಳನ್ನು ಇಡುತ್ತಾರೆ. ಇಲಿ ಕಡಿದರೆ ಹಲ್ಲಿನ ಗುರುತು ಮೂಡುತ್ತದೆ. ತಿಂದರೆ, ಮೇಣದಲ್ಲಿ ಬೆರೆಸಿದ ವಸ್ತುವಿನಿಂದಾಗಿ ಅದರ ಹಿಕ್ಕೆ ಅತಿನೇರಳೆ ದೀಪಕ್ಕೆ ಹೊಳೆಯುತ್ತದೆ. ಈ ಕಾವಲಿನಲ್ಲಿ ಊರಿನವರೇ ಪಾಲುಗೊಳ್ಳುತ್ತಾರೆ.

ಈಗ ಕೊನೆಯ ಭಾಗ. ಇದನ್ನು ಹೇಳುವುದಕ್ಕಾಗಿಯೇ ನಾನು ಇಷ್ಟು ಹಿನ್ನೆಲೆ ಕಟ್ಟಿದ್ದೇನೆ.

2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್‌ನಲ್ಲಿ ಅಸಾಧಾರಣ ಬಿಸಿನೀರಿನ ರಾಶಿಯೊಂದು ನೆಲೆಸಿತು. ವಿಜ್ಞಾನಿಗಳು ಅದಕ್ಕೆ ಬ್ಲಾಬ್ ಎಂದು ಹೆಸರಿಟ್ಟರು. ನೀರು ವಾಡಿಕೆಗಿಂತ ಎರಡು ಮೂರು ಡಿಗ್ರಿ ಬಿಸಿ. ಬಿಸಿ ನೀರಿನಲ್ಲಿ ಪ್ಲವಕಗಳು ಬಡವಾದವು, ಅವನ್ನು ತಿನ್ನುವ ಕ್ಯಾಪೆಲಿನ್, ಸ್ಯಾಂಡ್ ಲ್ಯಾನ್ಸ್‌ನಂಥ ಸಣ್ಣ ಮೀನುಗಳು ಸೊರಗಿದವು. ಅದೇ ಹೊತ್ತಿಗೆ ಕಾಡ್, ಪೊಲಾಕ್‌ನಂಥ ದೊಡ್ಡ ಮೀನುಗಳ ಹಸಿವು ಹೆಚ್ಚಿತು, ಏಕೆಂದರೆ ಸುತ್ತಲಿನ ನೀರು ಬಿಸಿಯಾದಷ್ಟೂ ಅವುಗಳ ದೇಹಕ್ಕೆ ಹೆಚ್ಚು ಆಹಾರ ಬೇಕು. ಮರ್ ಹಕ್ಕಿಗೆ ದಿನವೊಂದಕ್ಕೆ ತನ್ನ ತೂಕದ ಅರ್ಧದಷ್ಟು ಮೀನು ಬೇಕಾಗುತ್ತದೆ. ಕೆಲವೇ ದಿನ ಮೀನು ಸಿಗದಿದ್ದರೆ ಅದು ಉಳಿಯುವುದಿಲ್ಲ.

2015ರ ಬೇಸಿಗೆಯಿಂದ 2016ರ ವಸಂತದವರೆಗೆ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾದವರೆಗಿನ ದಡಗಳಿಗೆ ಸುಮಾರು 62,000 ಮರ್ ಹಕ್ಕಿಗಳು ಸತ್ತು ಅಥವಾ ಸಾಯುತ್ತ ಬಂದು ಬಿದ್ದವು. ಅವುಗಳ ಎದೆಯ ಮಾಂಸ ಕರಗಿ ಹೋಗಿತ್ತು. ಈ ಲೆಕ್ಕ ಸಿಕ್ಕಿದ್ದರಲ್ಲಿ ತಮ್ಮೂರಿನ ದಡದಲ್ಲಿ ತಿಂಗಳು ತಿಂಗಳು ನಡೆದು ಸತ್ತ ಹಕ್ಕಿಗಳನ್ನು ಬರೆದಿಡುವ ಸ್ವಯಂಸೇವಕರ ಪಾಲು ದೊಡ್ಡದು. ದಡಕ್ಕೆ ಬರುವುದು ಸತ್ತವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರವಾದ್ದರಿಂದ ಸುಮಾರು ಹತ್ತು ಲಕ್ಷ ಹಕ್ಕಿಗಳು ಸತ್ತಿರಬಹುದು ಎಂದು 2020ರಲ್ಲಿ ಅಂದಾಜಿಸಿದರು.

ಆ ಅಂದಾಜೂ ಕಡಿಮೆಯೇ ಆಗಿತ್ತು. ನಿಜವಾದ ಪ್ರಮಾಣ ತಿಳಿದದ್ದು ಬಂಡೆಗಳ ಮುಂದೆ ಕುಳಿತವರ ಪುಸ್ತಕಗಳಿಂದ. ಧಾಮದ ಜೀವವಿಜ್ಞಾನಿ ಹೆದರ್ ರೆನ್ನರ್ ಮತ್ತು ಸಂಗಡಿಗರು 13 ಗೂಡುನೆಲೆಗಳ ಲೆಕ್ಕವನ್ನು, ಬಿಸಿಗೆ ಮೊದಲಿನ ಏಳು ವರ್ಷ ಮತ್ತು ಬಿಸಿಯ ಬಳಿಕದ ಏಳು ವರ್ಷ, ಪಕ್ಕಪಕ್ಕ ಇಟ್ಟು ನೋಡಿದರು. ಅಲಾಸ್ಕಾ ಕೊಲ್ಲಿಯ ನೆಲೆಗಳಲ್ಲಿ ಹಕ್ಕಿಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಪೂರ್ವ ಬೇರಿಂಗ್ ಸಮುದ್ರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು. ಅಲಾಸ್ಕಾ ಕೊಲ್ಲಿಯ ಸೆಮಿಡಿ ದ್ವೀಪಗಳ ಒಂದು ಬಂಡೆಯ ಎರಡು ಫೋಟೋಗಳಿವೆ. 2014ರದ್ದರಲ್ಲಿ 1,890 ಹಕ್ಕಿಗಳು, 2021ರದ್ದರಲ್ಲಿ 1,011. ಒಟ್ಟು ಸುಮಾರು 40 ಲಕ್ಷ ಮರ್‌ಗಳು, ಅಂದರೆ ಅಲಾಸ್ಕಾದ ಮರ್‌ಗಳಲ್ಲಿ ಅರ್ಧದಷ್ಟು, ಸತ್ತುಹೋದವು ಎಂದು 2024ರ ಡಿಸೆಂಬರಿನಲ್ಲಿ ಅವರು ಪ್ರಕಟಿಸಿದರು. ಆಧುನಿಕ ಕಾಲದಲ್ಲಿ ದಾಖಲಾದ, ಒಂದೇ ವನ್ಯಜೀವಿ ಜಾತಿಯ ಅತಿದೊಡ್ಡ ಸಾವು ಅದು. ಅಷ್ಟು ವರ್ಷಗಳಾದರೂ ಸಂಖ್ಯೆ ಚೇತರಿಸಿರಲಿಲ್ಲ. ಅದೇ ಬಂಡೆಗಳಲ್ಲಿರುವ ದಪ್ಪಕೊಕ್ಕಿನ ಮರ್ ಎಂಬ ದಾಯಾದಿ ಜಾತಿಗೆ ಇಂಥ ಪೆಟ್ಟು ಬೀಳಲಿಲ್ಲ. ಅದು ಬೇರೆಬೇರೆ ಆಹಾರಕ್ಕೆ ಹೊಂದಿಕೊಳ್ಳುತ್ತದೆ ಎಂಬುದು ಒಂದು ವಿವರಣೆ.

ಸ್ವಲ್ಪ ಯೋಚಿಸಿ. 2021ರ ಬೇಸಿಗೆಯಲ್ಲಿ ಮೊದಲ ಬಾರಿಗೆ ಒಬ್ಬರು ಸೆಮಿಡಿಯ ಆ ಬಂಡೆಗೆ ಹೋಗಿದ್ದರೆ ಅವರಿಗೆ ಕಾಣುತ್ತಿದ್ದುದು ಹಕ್ಕಿಗಳಿಂದ ತುಂಬಿದ ಬಂಡೆಯೇ. ಸಾವಿರ ಹಕ್ಕಿಗಳು ಕಣ್ಣಿಗೆ ಬಹಳ. ಅಲ್ಲಿ ಇನ್ನೂ ಒಂಬೈನೂರು ಇರಬೇಕಿತ್ತು ಎಂದು ಹೇಳುವ ಅಧಿಕಾರ ಹಿಂದಿನ ಲೆಕ್ಕ ಕೈಯಲ್ಲಿದ್ದವರಿಗೆ ಮಾತ್ರ. 2008ರ ಆಗಸ್ಟಿನಲ್ಲಿ ಅಲ್ಯೂಷಿಯನ್ ಮಾಲೆಯ ಕಸಾಟೋಚಿ ದ್ವೀಪದ ಜ್ವಾಲಾಮುಖಿ ಸಿಡಿದಾಗಲೂ ಹಿಂದಿನ ಲೆಕ್ಕವೇ ಕೈಹಿಡಿಯಿತು. ಅಲ್ಲಿ ಗಣತಿಯಲ್ಲಿದ್ದ ಇಬ್ಬರನ್ನು ಮೀನುಗಾರಿಕೆ ದೋಣಿಯೊಂದು ಕೊನೆಯ ಗಳಿಗೆಯಲ್ಲಿ ಪಾರುಮಾಡಿತು; ಆಕ್ಲೆಟ್‌ಗಳ ಸಂದಿಗಳೆಲ್ಲ ಬೂದಿಯಲ್ಲಿ ಹೂತವು, ಆ ವರ್ಷದ ಮರಿಗಳು ಉಳಿಯಲಿಲ್ಲ. ಮರುಬೇಸಿಗೆ ಹಕ್ಕಿಗಳು ಮರಳಿ ಬಂದರೂ ಮೊಟ್ಟೆಗೆ ಜಾಗವಿರಲಿಲ್ಲ. ಇದನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಸ್ಫೋಟಕ್ಕೆ ಮೊದಲಿನ ವರ್ಷಗಳ ದಾಖಲೆ ಇದ್ದುದರಿಂದ.

ಪ್ರಿಬಿಲೋಫ್‌ನಲ್ಲಿ ವ್ಯವಸ್ಥಿತ ಗಣತಿ ಶುರುವಾದದ್ದು 1970ರ ದಶಕದ ನಡುವಿನಲ್ಲಿ, ಕಡಲಿನಲ್ಲಿ ತೈಲ ಹುಡುಕುವ ಯೋಜನೆಗಳ ಪರಿಣಾಮ ತಿಳಿಯಲೆಂದು. ಆಗ ಬಿಸಿ ಸಮುದ್ರದ ಮಾತೇ ಇರಲಿಲ್ಲ. ಆರಂಭಿಸಿದವರು ಒಂದು ಪ್ರಶ್ನೆಗೆ ಬರೆದಿಟ್ಟ ಲೆಕ್ಕ, ನಲವತ್ತು ವರ್ಷದ ಮೇಲೆ ಅವರು ಊಹಿಸದ ಪ್ರಶ್ನೆಗೆ ಉತ್ತರವಾಯಿತು. ಆದ್ದರಿಂದ ಇಂಥ ಕೆಲಸಕ್ಕೆ ಈ ವರ್ಷ ಏನು ಉಪಯೋಗವಾಯಿತು ಎಂದು ಕೇಳಿ ಹಣ ನಿಲ್ಲಿಸುವುದು ತಪ್ಪು. ಡ್ರೋನ್, ಸ್ವಯಂಚಾಲಿತ ಕ್ಯಾಮೆರಾಗಳು ಇಂದು ನೆರವಿಗಿವೆ, ಇರಲಿ. ಬಿಲದೊಳಗೆ ಕೈ ತೂರಿಸಿ, ಮರಿ ಬೆಚ್ಚಗಿದೆಯೋ ಇಲ್ಲವೋ ನೋಡುವ ಕೆಲಸವನ್ನು ಅವು ಮಾಡಲಾರವು.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಕರ್ನಾಟಕದ ಎಷ್ಟೋ ಕೆರೆಗಳಲ್ಲಿ ಹವ್ಯಾಸಿಗಳೇ ಅದನ್ನು ನಡೆಸುತ್ತಾರೆ. ನಿಮ್ಮ ಊರಿನ ಒಂದು ಕೆರೆಯನ್ನು ಆರಿಸಿಕೊಳ್ಳಿ. ಏರಿಯ ಮೇಲೆ ನಿಲ್ಲುವ ಜಾಗ, ಹೊತ್ತು, ಎಣಿಸುವ ಗಡಿ ಇವನ್ನು ಮೊದಲ ಪುಟದಲ್ಲೇ ಬರೆದಿಡಿ. ನೀವು ಓದು ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಮನೆಗೆ ಒಯ್ಯದೆ ಕಿರಿಯರ ಕೈಗೆ ಕೊಡಿ. ಅಧ್ಯಾಪಕ ಮಿತ್ರರೆ, ಅದರ ಒಂದು ಪ್ರತಿಯನ್ನು ನಿಮ್ಮ ಗ್ರಂಥಾಲಯದಲ್ಲಿ ಇಡಿಸಿ, ಯಾವ ವರ್ಷವೂ ತಪ್ಪದ ಹಾಗೆ ನೋಡಿಕೊಳ್ಳಿ. ಬರುವ ಜನವರಿಯಲ್ಲೇ ಶುರುವಾಗಲಿ.